ಕೀರ್ತಿಯೆಂಬ ಮೂಲಧನ

ಮನುಷ್ಯನು ಕೈಕೊಳ್ಳುವ ವೃತ್ತಿಗಳಲ್ಲಿ ಬಹುಪಾಲು ವಯಸ್ಸಿನೊಡನೆ ಪಕ್ವವಾಗತಕ್ಕವು. ವೈದ್ಯನ ಕೈಗುಣ, ಶಿಲ್ಪಿಯ ಉಳಿಯ ಹದ, ಬೇಸಾಯಗಾರನ ಮಳೆಬಿಸಿಲುಗಳ ಲೆಕ್ಕ, ಇವೆಲ್ಲವೂ ನಡುವಯಸ್ಸು ಬಂದ ಮೇಲೆಯೇ ನೆಲೆಗೊಳ್ಳುವುವು. ಆಟವನ್ನೇ ಜೀವನೋಪಾಯವಾಗಿ ಹಿಡಿದವನ ಗತಿಯಾದರೋ ಇದಕ್ಕೆ ವಿರುದ್ಧವಾದುದು. ಇತರರು ತಮ್ಮ ಕಸುಬಿನ ಹೊಸ್ತಿಲಲ್ಲಿ ನಿಂತಿರುವ ಪ್ರಾಯದಲ್ಲಿ ಅವನು ಶಿಖರವನ್ನು ಮುಟ್ಟಿರುತ್ತಾನೆ. ಇತರರು ಶಿಖರದ ಕಡೆಗೆ ಹೆಜ್ಜೆಯಿಡುವ ಹೊತ್ತಿಗೆ ಅವನು ಇಳಿದು ಬಂದು ಬಯಲಿನಲ್ಲಿ ನಿಂತಿರುತ್ತಾನೆ. ಮೂವತ್ತೈದು ನಲವತ್ತರ ವಯಸ್ಸಿಗೆ ಕಾಲು ಸೋತು, ಕಣ್ಣಿನ ಚುರುಕು ಕುಂದಿ, ಮೈದಾನವನ್ನು ಬಿಟ್ಟ ಮೇಲೆ ಉಳಿದ ಅರ್ಧ ಆಯುಷ್ಯಕ್ಕೆ ಅವನ ಕೈಯಲ್ಲಿರುವುದೇನು? ದೇಹಬಲವು ಹೋಯಿತು, ಕಲಿತ ಚಮತ್ಕಾರಗಳಿಗೆ ಮೈದಾನದ ಹೊರಗೆ ಬೆಲೆಯಿಲ್ಲ, ಉಳಿಯುವುದು ಹೆಸರೊಂದೇ. ಆ ಹೆಸರನ್ನೇ ಬಂಡವಲು ಮಾಡಿಕೊಂಡು ಬೇರೊಂದು ವ್ಯಾಪಾರವನ್ನು ಹೂಡುವುದು ಧರ್ಮಸಮ್ಮತವೆ? ಹೂಡುವುದಾದರೆ ಯಾವ ಕಟ್ಟುಪಾಡಿಗೆ ಒಳಪಟ್ಟು ಹೂಡಬೇಕು? ಇದು ವಿಚಾರಕ್ಕೆ ಯೋಗ್ಯವಾದ ಪ್ರಶ್ನೆ.

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಗುಡ್ಡಗಳ ನಡುವೆ ವಾಸಿಸುವ ವಾಚಕರಿಗೆ ಈ ಪ್ರಶ್ನೆಯು ದೂರದ್ದೆಂದು ತೋರಬಹುದು. ಆದರೆ ಆಟಗಾರನೊಬ್ಬನ ಹೆಸರು ಅಂಗಡಿಯ ಹಲಗೆಯನ್ನೇರಿ ದೊಡ್ಡ ವ್ಯಾಪಾರವಾಗಿ ಬೆಳೆದ ಪ್ರಸಿದ್ಧ ನಿದರ್ಶನಗಳಲ್ಲಿ ಒಂದು ಕಾಫಿಯದೇ ಆಗಿದೆ. ಈ ಸೀಮೆಯು ಬೆಳೆಯುವ ಪದಾರ್ಥವು ಯಾವ ಹೆಸರಿನಲ್ಲಿ ಮಾರಾಟವಾಗಬೇಕೆಂಬುದು ಇಲ್ಲಿಯವರ ಅನ್ನದ ಪ್ರಶ್ನೆಯೂ ಹೌದು.

ಕೆನಡಾ ದೇಶದಲ್ಲಿ ಚಳಿಗಾಲ ಬಂದಿತೆಂದರೆ ಕೆರೆಕುಂಟೆಗಳು ಹೆಪ್ಪುಗಟ್ಟಿ ಕಲ್ಲಿನಂತಾಗುವುವು. ಜೋಡಿನ ಅಡಿಗೆ ಉಕ್ಕಿನ ಅಲಗನ್ನು ಜೋಡಿಸಿಕೊಂಡು, ಆ ನೀರ್ಗಲ್ಲಿನ ಮೇಲೆ ಜಾರುತ್ತ, ರಬ್ಬರಿನ ಚಪ್ಪಟೆ ಬಿಲ್ಲೆಯೊಂದನ್ನು ಕೋಲಿನಿಂದ ಹೊಡೆದಾಡುವ ಆಟಕ್ಕೆ ಅಲ್ಲಿ ಐಸ್ ಹಾಕಿ ಎಂದು ಹೆಸರು. ಭಾರತದಲ್ಲಿ ಇದನ್ನು ಲಡಾಖಿನಂಥ ಹಿಮಪ್ರದೇಶದಲ್ಲಿ ಆಡುವರು. ಕೊಡಗಿನ ಮನೆತನಗಳಿಗೆ ಹುಲ್ಲಿನ ಮೈದಾನದ ಹಾಕಿ ಎಷ್ಟು ಆಪ್ತವೋ ಕೆನಡಾದವರಿಗೆ ಇದು ಅಷ್ಟು ಆಪ್ತ. ಒಂಟಾರಿಯೊ ಪ್ರಾಂತದಲ್ಲಿ 1930ರಲ್ಲಿ ಹುಟ್ಟಿದ ಟಿಮ್ ಹಾರ್ಟನ್ ಎಂಬವರು ಟೊರಾಂಟೊ ನಗರದ ಮೇಪಲ್ ಲೀಫ್ಸ್ ತಂಡದಲ್ಲಿ ರಕ್ಷಣೆಯ ಆಟಗಾರರಾಗಿ ಬಹುಕಾಲ ಆಡಿದರು. 1962, 1963, 1964 ಮತ್ತು 1967ರಲ್ಲಿ ಆ ತಂಡವು ಸ್ಟ್ಯಾನ್ಲಿ ಕಪ್ ಎಂಬ ಪರಮೋಚ್ಚ ಪಾರಿತೋಷಕವನ್ನು ಗೆದ್ದಾಗ ಅವರು ತಂಡದಲ್ಲಿದ್ದರು. ಅಂದಿನ ಆಟಗಾರರಿಗೆ ದೊರೆಯುತ್ತಿದ್ದ ಸಂಬಳವು ಈಗಿನಂತಿರಲಿಲ್ಲ. ಆಟವಿಲ್ಲದ ಬೇಸಗೆಯ ತಿಂಗಳುಗಳಲ್ಲಿ ಬೇರೆ ಕೆಲಸ ಹುಡುಕಿಕೊಳ್ಳುವುದು ಅವರಲ್ಲಿ ಸಾಮಾನ್ಯವಾಗಿತ್ತು. ಹಾರ್ಟನ್ನರು ಮುಂದಿನ ದಿನಗಳನ್ನು ನೆನೆದು 1964ರಲ್ಲಿ ಹ್ಯಾಮಿಲ್ಟನ್ ನಗರದಲ್ಲಿ ಸಣ್ಣ ಅಂಗಡಿಯೊಂದನ್ನು ತೆರೆದರು. ಅಲ್ಲಿ ಮಾರುತ್ತಿದ್ದುದು ಕಾಫಿ ಮತ್ತು ಡೋನಟ್ ಎಂಬ, ಉದ್ದಿನವಡೆಯಂತೆ ನಡುವೆ ತೂತುಳ್ಳ ಕರಿದ ಸಿಹಿತಿಂಡಿ. ಅಂಗಡಿಗೆ ತಮ್ಮ ಹೆಸರನ್ನೇ ಇಟ್ಟರು. ಮರುವರ್ಷ ಅದನ್ನು ನಡೆಸಲು ಬಂದ ರಾನ್ ಜಾಯ್ಸ್ ಎಂಬ ಮಾಜಿ ಪೊಲೀಸಿನವರು 1967ರಲ್ಲಿ ವ್ಯಾಪಾರದ ಪಾಲುಗಾರರಾದರು. ಅಂಗಡಿಗಳು ಒಂದೊಂದಾಗಿ ಹೆಚ್ಚಿದವು.

ಆದರೆ ಯಾವ ಮುಪ್ಪಿಗೆಂದು ಹಾರ್ಟನ್ನರು ಈ ಏರ್ಪಾಡನ್ನು ಮಾಡಿಕೊಂಡಿದ್ದರೋ ಆ ಮುಪ್ಪು ಅವರಿಗೆ ಬರಲೇ ಇಲ್ಲ. 1974ರ ಫೆಬ್ರವರಿ 21ರಂದು, ಟೊರಾಂಟೊದಲ್ಲಿ ಪಂದ್ಯ ಮುಗಿಸಿ ಬಫಲೋ ನಗರಕ್ಕೆ ತಾವೇ ಮೋಟಾರು ನಡೆಸಿಕೊಂಡು ಹೋಗುತ್ತಿದ್ದಾಗ ಅಪಘಾತವಾಗಿ ತೀರಿಕೊಂಡರು. ಆಗ ಅವರಿಗೆ 44 ವರ್ಷ. ಬಫಲೋ ತಂಡದಲ್ಲಿ ಇನ್ನೂ ಆಡುತ್ತಿದ್ದರು. ಅಂಗಡಿಗಳು ಆಗ ಸುಮಾರು 40. ಮರುವರ್ಷ ಅವರ ಪತ್ನಿಯು ತಮ್ಮ ಪಾಲನ್ನು ಹತ್ತು ಲಕ್ಷ ಡಾಲರಿಗೆ ಜಾಯ್ಸರಿಗೆ ಮಾರಿದರು. ಬಹುಕಾಲದ ಮೇಲೆ ಆ ಮಾರಾಟವನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋಗಿ ಸೋತರು. ಅಂಗಡಿಗಳಾದರೋ ಸಾವಿರಗಟ್ಟಲೆಯಾದವು. 2014ರಲ್ಲಿ ಅವು ಒಂದು ಅಂತರರಾಷ್ಟ್ರೀಯ ಆಹಾರವ್ಯಾಪಾರದ ಕಂಪೆನಿಯ ಅಂಗವಾದವು. 2022ರಲ್ಲಿ ದೆಹಲಿಯ ಸೀಮೆಗೂ ಬಂದವು. ಅಲ್ಲಿ ಬಟ್ಟಲು ಹಿಡಿದು ಕುಳಿತವರಲ್ಲಿ ಎಷ್ಟು ಮಂದಿಗೆ ಇದು ಮಂಜುಗಡ್ಡೆಯ ಮೇಲೆ ಆಡಿದ ಒಬ್ಬ ಮನುಷ್ಯನ ಹೆಸರೆಂದು ತಿಳಿದಿರಬಹುದು? ಗಳಿಸಿದವನು ಹೋದನು, ಹೆಸರಿನ ಒಡೆತನವು ಮನೆಯವರ ಕೈ ಬಿಟ್ಟಿತು, ಹೆಸರು ಮಾತ್ರ ಯಜಮಾನನಿಲ್ಲದ ಆಳಿನಂತೆ ಯಾರುಯಾರಿಗೋ ದುಡಿಯುತ್ತಿದೆ.

ಈ ವೃತ್ತಾಂತವನ್ನು ಕೇಳಿದವರು ಎರಡು ಪಂಗಡವಾಗಬಹುದು. ಮೊದಲನೆಯವರ ವಾದವಿದು: ಕೀರ್ತಿಯು ಆಟಗಾರನ ಸ್ವಯಾರ್ಜಿತ. ಎಳೆಯತನವನ್ನೂ ವಿದ್ಯೆಯನ್ನೂ ಎಲುಬು ಕೀಲುಗಳನ್ನೂ ತೆತ್ತು ಅವನು ಅದನ್ನು ಕೊಂಡಿದ್ದಾನೆ. ಸ್ವಯಾರ್ಜಿತವನ್ನು ಇಟ್ಟುಕೊಳ್ಳುವುದಕ್ಕೂ ಮಾರುವುದಕ್ಕೂ ಅವನು ಸ್ವತಂತ್ರನು. ಕೊಳ್ಳುವವನು ಇಷ್ಟವಿದ್ದರೆ ಕೊಳ್ಳಲಿ, ಇಲ್ಲವಾದರೆ ಬಿಡಲಿ. ಎರಡನೆಯವರ ವಾದವು ಇದಕ್ಕೆ ವಿರೋಧವಾದುದು: ಚೆನ್ನಾಗಿ ಚೆಂಡು ಹೊಡೆಯುವುದಕ್ಕೂ ಒಳ್ಳೆಯ ಕಾಫಿಗೂ ಯಾವ ಸಂಬಂಧವೂ ಇಲ್ಲ, ಒಂದರ ಗುಣವನ್ನು ತೋರಿಸಿ ಇನ್ನೊಂದನ್ನು ಮಾರುವುದು, ಮುಂದಿನ ಸಾಲಿನಲ್ಲಿ ಒಳ್ಳೆಯ ಕಾಯನ್ನಿಟ್ಟು ಹಿಂದಿನ ರಾಶಿಯಿಂದ ತೂಗಿಕೊಡುವ ಸಂತೆಯ ವ್ಯಾಪಾರಕ್ಕೆ ಸಮಾನವಾದುದು.

ಇವೆರಡರಲ್ಲಿಯೂ ಸತ್ಯಾಂಶವುಂಟು, ಎರಡೂ ಪೂರ್ಣಸತ್ಯವಲ್ಲ. ಮೊದಲನೆಯ ವಾದವು ಮರೆಯುವುದೇನೆಂದರೆ, ಆಟಗಾರನು ಸ್ವಂತ ಶ್ರಮದಿಂದ ಗಳಿಸುವುದು ಕೌಶಲವನ್ನು ಮಾತ್ರ. ಕೌಶಲವು ಕೀರ್ತಿಯಾಗಬೇಕಾದರೆ ನೋಡುವವರು ಬೇಕು. ಅವರು ಬಿಸಿಲಿನಲ್ಲಿ ಕುಳಿತು ನೋಡಬೇಕು, ರೇಡಿಯೋವಿಗೆ ಕಿವಿಗೊಡಬೇಕು, ಗೆದ್ದಾಗ ತಾವೇ ಗೆದ್ದಂತೆ ಹಿಗ್ಗಬೇಕು. ಕೀರ್ತಿಯೆಂಬುದು ಲೋಕದವರು ಒಬ್ಬನಲ್ಲಿ ಇಟ್ಟ ನಂಬಿಕೆ. ಧರ್ಮಶಾಸ್ತ್ರಕಾರರು ಹದಿನೆಂಟು ವ್ಯವಹಾರಪದಗಳನ್ನು ಎಣಿಸುವಾಗ ನಿಕ್ಷೇಪವೆಂಬುದನ್ನೂ ಸೇರಿಸಿದ್ದಾರೆ. ಒಬ್ಬನು ಇನ್ನೊಬ್ಬನಲ್ಲಿ ವಿಶ್ವಾಸದಿಂದ ಇಟ್ಟ ಒಡವೆಯೇ ನಿಕ್ಷೇಪ. ಅದು ಇರುವುದು ಇಟ್ಟುಕೊಂಡವನ ಮನೆಯಲ್ಲಾದರೂ ಇಷ್ಟಬಂದಂತೆ ಕರಗಿಸಿ ತಿನ್ನಲು ಅವನಿಗೆ ಅಧಿಕಾರವಿಲ್ಲ. ಕೀರ್ತಿಯೂ ಬಹುಮಟ್ಟಿಗೆ ಇಂಥ ನಿಕ್ಷೇಪವೇ. ಭೇದವಿಷ್ಟೆ: ಒಡವೆಯನ್ನು ಇದ್ದಂತೆಯೇ ಹಿಂದಿರುಗಿಸಬಹುದು, ಕೀರ್ತಿಯನ್ನು ಹಾಗೆ ಹಿಂದಿರುಗಿಸಲಾಗದು, ಅದನ್ನು ಕೆಲಸದ ರೂಪದಲ್ಲಿಯೇ ಸಲ್ಲಿಸಬೇಕು.

ಎರಡನೆಯ ವಾದವು ಮರೆಯುವುದು ಮತ್ತೊಂದು. ಆಟ ಮುಗಿಸಿದವನೂ ಉಣ್ಣಬೇಕು, ಮಕ್ಕಳನ್ನು ಸಾಕಬೇಕು. ಹೆಸರನ್ನು ಮುಟ್ಟಲೇಕೂಡದೆಂದು ವಿಧಿಸಿದರೆ, ಇತರರೆಲ್ಲರೂ ತಮ್ಮ ಪೂರ್ವಾನುಭವವನ್ನು ಉಪಯೋಗಿಸಿಕೊಳ್ಳುತ್ತಿರಲು ಇವನೊಬ್ಬನು ಮಾತ್ರ ನಲವತ್ತರಲ್ಲಿ ಬರಿಗೈಯಿಂದ ಮೊದಲುಮಾಡಬೇಕಾಗುವುದು. ಇದು ನ್ಯಾಯವಲ್ಲ. ಆದುದರಿಂದ ಹೆಸರನ್ನು ಉಪಯೋಗಿಸಬಹುದೆ ಎಂದು ಕೇಳುವುದಕ್ಕಿಂತ, ಉಪಯೋಗಿಸಿದವನು ಪ್ರತಿಯಾಗಿ ಏನನ್ನು ಸಲ್ಲಿಸಬೇಕೆಂದು ಕೇಳುವುದು ಯುಕ್ತವಾದುದು.

ಸಲ್ಲಿಕೆಯ ಒಂದು ಮಾರ್ಗವನ್ನು ಕರ್ಣಾಟಕದವರೇ ಆದ ಪ್ರಕಾಶ್ ಪಡುಕೋಣೆಯವರಲ್ಲಿ ಕಾಣಬಹುದು. 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿಯನ್ನು ಗೆದ್ದ ಇವರು 1994ರಲ್ಲಿ ಬೆಂಗಳೂರಿನಲ್ಲಿ ವಿಮಲ್ ಕುಮಾರರೇ ಮೊದಲಾದವರೊಡನೆ ತಮ್ಮ ಹೆಸರಿನ ಶಿಕ್ಷಣಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿಯೂ ಹಲಗೆಯ ಮೇಲಿದ್ದುದು ಆಟಗಾರನ ಹೆಸರೇ. ಆದರೆ ಆ ಹೆಸರು ಸೂಚಿಸುತ್ತಿದ್ದ ಗುಣಕ್ಕೂ ಒಳಗೆ ಕೊಡುತ್ತಿದ್ದ ಪದಾರ್ಥಕ್ಕೂ ಅಂತರವಿರಲಿಲ್ಲ. ಬ್ಯಾಡ್ಮಿಂಟನ್ನಿನಿಂದ ಬಂದ ಹೆಸರು ಬ್ಯಾಡ್ಮಿಂಟನ್ನಿಗೇ ಸಂದಿತು. ಅಲ್ಲಿ ಪಳಗಿದ ಪುಲ್ಲೇಲ ಗೋಪಿಚಂದರು 2001ರಲ್ಲಿ ಅದೇ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಗೆದ್ದರು. ಆಗ ತಂಪುಪಾನೀಯದ ಜಾಹೀರಾತಿಗೆಂದು ದೊಡ್ಡ ಮೊತ್ತವು ಎದುರಿಗೆ ಬರಲು, ತಾವು ಕುಡಿಯದುದನ್ನು ಇತರರಿಗೆ ಕುಡಿಯಿರೆಂದು ಹೇಳಲಾರೆವೆಂದು ಅದನ್ನು ನಿರಾಕರಿಸಿದರು. ಮುಂದೆ ಹೈದರಾಬಾದಿನಲ್ಲಿ ತಮ್ಮ ಶಿಕ್ಷಣಸಂಸ್ಥೆಯನ್ನು ಕಟ್ಟಲು ಮನೆಯನ್ನು ಅಡವಿಟ್ಟರು. ಆ ಸಂಸ್ಥೆಯಲ್ಲಿ ಕಲಿತ ಪಿ. ವಿ. ಸಿಂಧು 2016ರ ಒಲಿಂಪಿಕ್ಸಿನಲ್ಲಿ ರಜತಪದಕವನ್ನು ಪಡೆದುದು ಎಲ್ಲರಿಗೂ ತಿಳಿದ ವಿಷಯ. ಹೆಸರನ್ನು ಮಾರುವವನು ಮನೆಯನ್ನು ಅಡವಿಡಬೇಕಾಗಿಲ್ಲ. ಗೋಪಿಚಂದರು ಹೆಸರನ್ನು ಉಳಿಸಿಕೊಂಡು ಮನೆಯನ್ನು ಪಣವಾಗಿಟ್ಟರು. ಪಣವಾಗಿ ಇಡತಕ್ಕದ್ದು ಯಾವುದು, ಇಡಬಾರದ್ದು ಯಾವುದು ಎಂಬ ವಿವೇಕವು ಇದರಲ್ಲಿ ಸ್ಪಷ್ಟವಾಗಿದೆ.

ಆದರೆ ಆಟ ಬಿಟ್ಟವರೆಲ್ಲರೂ ಉಪಾಧ್ಯಾಯರಾಗಲಾರರು. ಆಗಬೇಕೆಂಬ ನಿಯಮವೂ ಇಲ್ಲ. ಆಟವನ್ನು ದಾಟಿ ಬೇರೆ ಪದಾರ್ಥಕ್ಕೆ ಹೆಸರು ಕೊಟ್ಟಾಗಲೇ ಪ್ರಶ್ನೆಯು ತೀಕ್ಷ್ಣವಾಗುವುದು. ಇದಕ್ಕೆ ನೆರೆಯ ಕೊಡಗಿನಲ್ಲಿಯೇ ಉದಾಹರಣೆಯುಂಟು. ಟೆನಿಸ್ ಆಟಗಾರರಾದ ರೋಹನ್ ಬೋಪಣ್ಣನವರು 1980ರಲ್ಲಿ ಕಾಫಿ ಬೆಳೆಗಾರರ ಮನೆಯಲ್ಲಿ ಹುಟ್ಟಿದವರು. ಚೆಂಡಿನ ಮೊದಲ ಹೊಡೆತಕ್ಕೆ ತೋಳಿನ ಬಲ ಬರಲೆಂದು ಕೊಡಗಿನಲ್ಲಿ ಸೌದೆ ಸೀಳಿದುದನ್ನೂ, ಉಸಿರಿನ ಬಲಕ್ಕಾಗಿ ಕಾಫಿತೋಟಗಳ ನಡುವೆ ಓಡಿದುದನ್ನೂ ಅವರೇ ಸ್ಮರಿಸಿದ್ದಾರೆ. 2017ರಲ್ಲಿ ಪ್ಯಾರಿಸಿನಲ್ಲಿ ಮಿಶ್ರ ಜೋಡಿಯ ಪ್ರಶಸ್ತಿಯನ್ನು ಪಡೆದರು. ಮಂಡಿಯ ಮೃದ್ವಸ್ಥಿಯು ಸವೆದು, 2021ರ ಸುಮಾರಿನಲ್ಲಿ ಸೋಲಿನ ಮೇಲೆ ಸೋಲುಂಟಾಗಿ, ಆಟವನ್ನು ಬಿಡುವ ಯೋಚನೆಯೂ ಬಂದಿತು. ಯೋಗಾಭ್ಯಾಸದಿಂದ ದೇಹವನ್ನು ತಿದ್ದಿಕೊಂಡು, 2024ರ ಜನವರಿಯಲ್ಲಿ, 43ನೆಯ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡನ್ನರೊಡನೆ ಮೆಲ್ಬರ್ನಿನಲ್ಲಿ ಆಸ್ಟ್ರೇಲಿಯದ ಪುರುಷರ ಜೋಡಿ ಪ್ರಶಸ್ತಿಯನ್ನು ಗೆದ್ದು, ಜೋಡಿ ಆಟದಲ್ಲಿ ಜಗತ್ತಿನ ಮೊದಲನೆಯ ಸ್ಥಾನಕ್ಕೇರಿದರು. ಅಷ್ಟು ವಯಸ್ಸಿನಲ್ಲಿ ಆ ಸ್ಥಾನವನ್ನು ಮೊದಲ ಬಾರಿಗೆ ಮುಟ್ಟಿದವರು ಅದಕ್ಕೆ ಮುಂಚೆ ಇರಲಿಲ್ಲ. 2025ರ ನವೆಂಬರ್ 1ರಂದು ನಿವೃತ್ತಿಯನ್ನು ಸಾರಿದರು. ಆಡುತ್ತಿದ್ದಾಗಲೇ ಟೆನಿಸ್ ಕಲಿಸುವ ಸಂಸ್ಥೆಯನ್ನು ಬೆಂಗಳೂರಿನಲ್ಲಿ ಸ್ಥಾಪಿಸಿದ್ದರು. ತಮ್ಮ ಹೆಸರಿನ ಕಾಫಿ ಮಿಶ್ರಣವೊಂದನ್ನೂ ಪೇಟೆಗೆ ತಂದಿದ್ದರು.

ಟೆನಿಸ್ ಶಾಲೆಗೆ ಟೆನಿಸ್ ಆಟಗಾರನ ಹೆಸರು ಸಹಜವೆಂದು ಒಪ್ಪಬಹುದು. ಕಾಫಿಗೆ? ಬೆಳೆಗಾರನ ಮಗನ ಹೆಸರು ಕಾಫಿಗೆ ಬಂದುದು, ತಂಪುಪಾನೀಯಕ್ಕೆ ಬಂದ ಹೆಸರಿನಂತೆ ಪೂರ್ತಿ ಹೊರಗಿನಿಂದ ತಂದುದಲ್ಲ. ಆದರೂ ಆ ಹೆಸರಿಗೆ ಬೆಲೆ ಬಂದುದು ತೋಟದಿಂದಲ್ಲ, ಮೈದಾನದಿಂದ ಎಂಬುದೂ ಅಷ್ಟೇ ನಿಜ. ಕೊಡಗಿನಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಕಾಫಿ ಬೆಳೆಯುವ ಮನೆಗಳು ಸಾವಿರಾರು. ಅವುಗಳ ಹೆಸರನ್ನು ಕಂಡು ಪೇಟೆಯವರು ಕೈನೀಡುವುದಿಲ್ಲ. ಇದರಿಂದ ಆಟಗಾರನಿಗೆ ದೋಷವು ತಗಲುವುದೆಂದು ಹೇಳಿದಂತಾಗಲಿಲ್ಲ. ಹೊಣೆಯು ಹುಟ್ಟುವುದೆಂದು ಮಾತ್ರ ಹೇಳಿದಂತಾಯಿತು. ಹೆಸರು ಕಂಡು ಮೊದಲ ಪೊಟ್ಟಣವನ್ನು ಕೊಂಡವನು ಆಟಗಾರನನ್ನು ನಂಬಿ ಕೊಂಡನು. ಎರಡನೆಯ ಪೊಟ್ಟಣವನ್ನು ಅವನು ಕಾಫಿಯನ್ನು ನಂಬಿ ಕೊಳ್ಳುವಂತೆ ಮಾಡುವುದು ಹೆಸರು ಕೊಟ್ಟವನ ಕರ್ತವ್ಯ.

ಈ ಹೊಣೆಯು ಎಷ್ಟು ದೊಡ್ಡದೆಂಬುದು ಕಾಫಿಯ ಚರಿತ್ರೆಯನ್ನು ಬಲ್ಲವರಿಗೆ ತಿಳಿಯುವುದು. ಗಿಡ ನೆಟ್ಟು ಮೂರು ನಾಲ್ಕು ವರ್ಷ ಕಾಯಬೇಕು. ಮರಗಸಿ, ಗಿಡಗಸಿ, ಚಿಗುರು ತೆಗೆಯುವುದು, ಕಾಂಡಕೊರಕ ಹಿಡಿದ ಗಿಡವನ್ನು ಕಿತ್ತು ಸುಡುವುದು, ಮಳೆಗಾಲದಲ್ಲಿ ಕೊಳೆರೋಗ, ಸುಗ್ಗಿಯಲ್ಲಿ ಹಣ್ಣು ಬಿಡಿಸುವುದು, ಕಣದಲ್ಲಿ ಒಣಗಿಸುವುದು: ಇಷ್ಟನ್ನೂ ಮಾಡುವ ಆಳುಗಳ ಹೆಸರನ್ನು ಯಾವ ಪೊಟ್ಟಣವೂ ಹೇಳುವುದಿಲ್ಲ. ಬೆಳೆಗಾರನ ಹೆಸರೂ ಬಹುಕಾಲ ಇರಲಿಲ್ಲ. 1940ರ ದಶಕದಲ್ಲಿ ಯುದ್ಧದಿಂದ ಪರದೇಶದ ಪೇಟೆ ಮುಚ್ಚಿದಾಗ ಬಂದ ಏರ್ಪಾಡಿನಂತೆ ಎಲ್ಲರ ಬೆಳೆಯೂ ಕಾಫಿ ಬೋರ್ಡಿನ ಪೂಲಿಗೆ ಸೇರಿ ಒಂದೇ ರಾಶಿಯಾಗುತ್ತಿತ್ತು. ಕಳಸದ ತೋಟದ್ದು ಯಾವುದು, ಮೂಡಿಗೆರೆಯದು ಯಾವುದು ಎಂದು ಕುಡಿಯುವವನಿಗೆ ತಿಳಿಯುವ ದಾರಿಯಿರಲಿಲ್ಲ. 1990ರ ದಶಕದಲ್ಲಿ ಈ ಕಟ್ಟು ಹಂತಹಂತವಾಗಿ ಸಡಿಲಿ, ಬೆಳೆಗಾರನು ತನ್ನ ಬೆಳೆಯನ್ನು ತಾನೇ ಮಾರುವ ಸ್ವಾತಂತ್ರ್ಯವು ಪೂರ್ಣವಾಯಿತು. ಕಾಫಿಗೆ ಹೆಸರು ಬೇಕೆಂಬ ಆಸೆಯೂ ಆಗಲೇ ಬಲವಾಯಿತು. ಇದೇ ಜಿಲ್ಲೆಯವರಾದ ವಿ. ಜಿ. ಸಿದ್ಧಾರ್ಥರು 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕಾಫಿ ಅಂಗಡಿಯನ್ನು ತೆರೆದಾಗ ಹಲಗೆಯ ಮೇಲೆ ತಮ್ಮ ಹೆಸರನ್ನು ಬರೆಸಲಿಲ್ಲ, ಕಾಫಿಯ ಹೆಸರನ್ನೇ ಬರೆಸಿದರು.

ಹೆಸರಿಲ್ಲದ ಕೀರ್ತಿಯೂ ಈ ಗುಡ್ಡಗಳಲ್ಲಿ ಉಂಟು. ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನ ಕೇಂದ್ರದಿಂದ 1940ರ ದಶಕದಲ್ಲಿ ಹೊರಬಂದ ಅರಾಬಿಕಾ ತಳಿಗೆ ಎಸ್. 795 ಎಂಬ ಬರಿಯ ಅಂಕೆಯೇ ಹೆಸರು. ಅದರ ತಾಯಿತಂದೆಗಳಲ್ಲಿ ಒಂದಾದ ಕೆಂಟ್ ತಳಿಗೆ, ಅದನ್ನು ತನ್ನ ತೋಟದಲ್ಲಿ ಗುರುತಿಸಿದ ಬೆಳೆಗಾರನ ಹೆಸರಿದೆ. ಕೆಂಟನ ಹೆಸರು ಉಳಿಯಿತು, ಎಸ್. 795ಕ್ಕಾಗಿ ದುಡಿದವರ ಹೆಸರನ್ನು ತೋಟದಲ್ಲಿ ಕೇಳಿದರೆ ಹೇಳುವವರು ವಿರಳ. ಆದರೂ ತೋಟತೋಟದಲ್ಲಿ ನಿಂತು ಫಲ ಕೊಡುತ್ತಿರುವುದು ಹೆಸರಿಲ್ಲದ ಆ ಅಂಕೆಯೇ. ಕೆಂಟನ ಹೆಸರು ಉಳಿದುದು ಕೂಡ ಅವನು ಬೇರೆಡೆಯಲ್ಲಿ ಪ್ರಸಿದ್ಧನಾಗಿ ಅದನ್ನು ಗಿಡಕ್ಕೆ ಸಾಲವಾಗಿ ಕೊಟ್ಟುದರಿಂದಲ್ಲ, ಗಿಡವನ್ನು ನೋಡಿ ಅರಿತುದರಿಂದ.

2019ರಲ್ಲಿ ಚಿಕ್ಕಮಗಳೂರು ಅರಾಬಿಕಾ, ಬಾಬಾಬುಡನ್‌ಗಿರಿ ಅರಾಬಿಕಾ, ಕೊಡಗಿನ ಅರಾಬಿಕಾ ಎಂಬ ಹೆಸರುಗಳಿಗೆ ಭೌಗೋಳಿಕ ಸೂಚನೆಯ ಮಾನ್ಯತೆಯು ದೊರೆಯಿತು. ವ್ಯಕ್ತಿಯ ಹೆಸರಿಗೂ ನೆಲದ ಹೆಸರಿಗೂ ಇರುವ ಭೇದವನ್ನು ಇಲ್ಲಿ ಗಮನಿಸಬೇಕು. ಹಾರ್ಟನ್ನರ ಹೆಸರನ್ನು ಒಂದು ಬೆಲೆಗೆ ಮಾರಲಾಯಿತು. ಕೊಂಡವರು ಅದನ್ನು ಎಲ್ಲಿ ಬೇಕಾದರೂ ಒಯ್ದರು. ಬಾಬಾಬುಡನ್‌ಗಿರಿಯ ಹೆಸರನ್ನು ಯಾರೊಬ್ಬರೂ ಹಾಗೆ ಮಾರಲಾರರು, ಬೇರೆ ನೆಲಕ್ಕೆ ಒಯ್ಯಲಾರರು. ಆ ಗುಡ್ಡದಲ್ಲಿ ಬೆಳೆದವರೆಲ್ಲರಿಗೂ ಅದರಲ್ಲಿ ಪಾಲುಂಟು, ಕೆಟ್ಟ ಕಾಫಿಯನ್ನು ಬೆರಸಿ ಅದನ್ನು ಕೆಡಿಸದಿರುವ ಹೊಣೆಯೂ ಎಲ್ಲರಿಗುಂಟು. ಆಟಗಾರನ ಹೆಸರು ತನಗಾಗಿಯೇ ನಿಂತು ನೆಲದ ಹೆಸರನ್ನು ಮರೆಸಿದರೆ ಅದು ಸಾವಿರ ಜನರ ಶ್ರಮವನ್ನು ಒಬ್ಬನ ಖಾತೆಗೆ ಬರೆದಂತೆ. ಕಂಡವನ ಕಣ್ಣು ಆಟಗಾರನಿಂದ ತೋಟಕ್ಕೂ, ತೋಟದಿಂದ ಆಳುಗಳ ಕೂಲಿಗೂ ಹರಿಯುವಂತೆ ಮಾಡಿದರೆ, ಆಗ ಹೆಸರು ದಾರಿ ತೋರುವ ದೀಪವಾಯಿತು; ನಿಕ್ಷೇಪವು ಸಲ್ಲತಕ್ಕವರಿಗೆ ಸಂದಿತು.

ಬೇಸಗೆಯಲ್ಲಿ ಹೂಮಳೆ ಬಿದ್ದರೆ ಕೆಲವೇ ದಿನಗಳಲ್ಲಿ ತೋಟಕ್ಕೆ ತೋಟವೇ ಬೆಳ್ಳಗೆ ಅರಳಿ, ಪರಿಮಳವು ರಸ್ತೆಯವರೆಗೂ ಬರುವುದು. ದಾರಿಹೋಕರು ಅದನ್ನು ಕಂಡು ಬೆರಗಾಗುವರು. ಆದರೆ ಬೆಳೆಗಾರನು ಆ ದಿನ ಫಸಲಿನ ಲೆಕ್ಕ ಹಾಕುವುದಿಲ್ಲ. ಹೂವಿನ ಹಿಂದೆಯೇ ಇನ್ನೊಂದು ಮಳೆ ಬಂದರೆ ಮಾತ್ರ ಕಾಯಿ ಕಚ್ಚುವುದೆಂದು ಅವನು ಬಲ್ಲನು. ಆಟದಿಂದ ಬಂದ ಕೀರ್ತಿಯು ಎರಡನೆಯ ವೃತ್ತಿಗೆ ಹೂಮಳೆಯಿದ್ದಂತೆ. ಅದು ಯಾರ ಭಾಗ್ಯಕ್ಕೆ ಬಂದಿತೋ ಅವರು ಅದಕ್ಕೆ ನಾಚಬೇಕಾದುದಿಲ್ಲ. ಆದರೆ ಕಾಯಿ ಕಚ್ಚಲು ಬೇಕಾದ ಎರಡನೆಯ ಮಳೆಯು ಆಕಾಶದಿಂದ ತಾನಾಗಿ ಬರತಕ್ಕದ್ದಲ್ಲ. ಅದನ್ನು ಅವರು ತಮ್ಮ ಬೆವರಿನಿಂದ, ಹೊಸ ಕಸುಬಿನಲ್ಲಿ ಮತ್ತೆ ಶಿಷ್ಯರಾಗಿ ಕುಳಿತು, ತಾವೇ ತಂದುಕೊಳ್ಳಬೇಕು. ನಲವತ್ತು ದಾಟಿದ ಮೇಲೆ ಮೊದಲಿನಿಂದ ಕಲಿಯಲು ಒಪ್ಪುವ ವಿನಯವು, ಇಪ್ಪತ್ತರಲ್ಲಿ ಗೆಲ್ಲುವ ಸಾಹಸಕ್ಕಿಂತ ಕಠಿನವಾದುದು. ಆ ವಿನಯವುಳ್ಳವರ ಹೆಸರನ್ನು ಅಂಗಡಿಯ ಹಲಗೆಯ ಮೇಲೆ ಕಂಡರೆ, ಅದನ್ನು ನಂಬಿ ಒಳಗೆ ಹೋಗುವವನು ಮೋಸಹೋಗಲಾರನು.